ಬಾಟಲಿಗೆ ಬಿದ್ದ ಹೂಮಳೆ

ಮಗಳ ಶಾಲೆಯಲ್ಲಿ ನಾನು ಯುಕೆಜಿಯಿಂದ ನಾಲ್ಕನೇ ತರಗತಿಯವರೆಗೆ ಬಹಳ ಒಳ್ಳೆಯ ಅಂಕ ಪಡೆದು ಪಾಸಾಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆಗುವುದಿಲ್ಲ. ನನ್ನ ಕಾಲದಲ್ಲಿ ಕಾಗದದ ದೋಣಿ ಮಡಚಲು ಬಾರದೆ ಬೆಂಚಿನ ಮೇಲೆ ನಿಂತವನು ನಾನು. ಈಗ ಮಗಳ ಡೈರಿಯಲ್ಲಿ ‘ಪ್ರಾಜೆಕ್ಟ್’ ಎಂಬ ಮಾತು ಕಂಡರೆ ಸಾಕು, ಆ ಬೆಂಚಿನಿಂದ ಕೆಳಗಿಳಿದು ಬಂದಷ್ಟು ಹುರುಪು. ಮೂಡಿಗೆರೆಯ ಸ್ಟೇಷನರಿ ಅಂಗಡಿಯವರು ನನ್ನನ್ನು ದೂರದಿಂದ ಕಂಡೊಡನೆಯೇ ಥರ್ಮಾಕೋಲ್ ಶೀಟು ತೆಗೆದು ಇಡುತ್ತಾರೆ.

ನನ್ನ ಸಾಧನೆಗಳನ್ನು ಸ್ವಲ್ಪ ಹೇಳಲೇಬೇಕು. ಯುಕೆಜಿಯಲ್ಲಿ ಹಕ್ಕಿಗೂಡು ಕಟ್ಟಿದೆ. ಎರಡನೇ ತರಗತಿಯ ಎಲೆಗಳ ಆಲ್ಬಮ್ಮಿಗಾಗಿ ನಾನು ಕೆಲಸ ಮಾಡುವ ಎಸ್ಟೇಟಿನ ಹಾಜರಿ ಪುಸ್ತಕದ ನಡುವೆ ಎಲೆ ಒಣಗಿಸಿದ್ದರಿಂದ ಒಂದು ವಾರ ಆಳುಗಳ ಹೆಸರಿನ ಮೇಲೆಲ್ಲ ಹಸಿರು ಕಲೆ. ಮೂರನೇ ತರಗತಿಯಲ್ಲಿ ದೇವರಮನೆ ಗುಡ್ಡದ ಮಾದರಿ ಮಾಡಿದೆ. ಹುಲ್ಲು ನಿಜವಾದದ್ದೇ ಇರಲಿ ಎಂದು ಬೇರು ಸಮೇತ ಕಿತ್ತು ತಂದು ನೆಟ್ಟೆ. ಆ ಬೇರಿನೊಳಗೆ ಇರುವೆಗಳ ಒಂದು ಸಂಸಾರವಿತ್ತೆಂದು ತಿಳಿದದ್ದು ತರಗತಿಯ ಮಕ್ಕಳೆಲ್ಲ ಬೆಂಚು ಹತ್ತಿದ ಮೇಲೆ. “ಪ್ರಾಜೆಕ್ಟು ನಿಮ್ಮದೋ ಅವಳದೋ?” ಎಂದು ಹೆಂಡತಿ ಸುಮಾ ಕೇಳಿದಳು. ಹತ್ತಕ್ಕೆ ಒಂಬತ್ತು ಬಂದ ಅಂಕವನ್ನು ಅವಳ ಮುಂದೆ ಹಿಡಿದೆ.

ಮಗಳು ಧೃತಿ ಈಗ ಐದನೇ ತರಗತಿ. ಈ ಫೆಬ್ರವರಿಯಲ್ಲಿ ಅವಳು ತಂದ ಪ್ರಾಜೆಕ್ಟು ನೋಡಿ ನಾನು ಕುಣಿಯುವುದೊಂದು ಬಾಕಿ. ಮಳೆಮಾಪಕ ತಯಾರಿಸಿ, ಹದಿನೈದು ದಿನ ಮಳೆ ಅಳೆದು ಬರೆಯಬೇಕು! ನೋಡಿ, ನಾನು ಕಾಫಿ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸವಾದರೂ ನನ್ನ ಮರ್ಯಾದೆ ಇರುವುದು ಬೇರೆ ಕಡೆ. ದಿನಾ ಬೆಳಿಗ್ಗೆ ಎಂಟಕ್ಕೆ ಆಫೀಸಿನ ಮುಂದಿನ ಮಳೆಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟು ಎಂದು ರಿಜಿಸ್ಟರಿಗೆ ಬರೆದು, ಸಾಹುಕಾರರಿಗೆ ಫೋನ್ ಮಾಡುವವನು ನಾನು. ನೂರು ಸೆಂಟಿಗೆ ಒಂದು ಇಂಚು. ನಮ್ಮ ಕಡೆ ಮದುವೆ ಮನೆಯಲ್ಲಿ ಸಿಕ್ಕಿದವರೂ ಆರೋಗ್ಯಕ್ಕಿಂತ ಮೊದಲು ಕೇಳುವುದು “ನಿಮ್ಮಲ್ಲಿ ಎಷ್ಟು ಸೆಂಟು?” ಎಂದೇ. ಹನ್ನೊಂದು ವರ್ಷದಿಂದ ಆ ಪ್ರಶ್ನೆಗೆ ಅಧಿಕೃತ ಉತ್ತರ ನನ್ನದು.

ಫಿಟ್ಟರ್ ಹತ್ತಿರ ತಾಮ್ರದ ಕೊಳವೆ ಕೇಳಬೇಕು, ಸ್ಟ್ಯಾಂಡಿಗೆ ಬಣ್ಣ ಹೊಡೆಸಬೇಕು ಎಂದು ನಾನು ಚಿತ್ರ ಬರೆಯುತ್ತ ಕೂತಿದ್ದಾಗ ಮಗಳು ಹೇಳಿದಳು: “ಅಪ್ಪ, ಈ ಸಲ ನೀನು ಮುಟ್ಟೋದು ಬೇಡ. ನಾನೇ ಮಾಡ್ತೀನಿ.”

ನಾನು ಪೆನ್ಸಿಲ್ ಕೆಳಗಿಟ್ಟೆ. ಅವಳು ಜ್ಯೂಸಿನ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಕೂರಿಸಿ, ತಳಕ್ಕೆ ಬೆಣಚು ಕಲ್ಲು ತುಂಬಿ, ಒಂದು ಗೆರೆಯವರೆಗೆ ನೀರು ಹಾಕಿ, ಆ ಗೆರೆಯಿಂದ ಮೇಲಕ್ಕೆ ಸ್ಕೇಲು ಅಂಟಿಸಿದಳು. ಕಾಫಿ ಒಣಗಿಸುವ ಕಣದ ನಟ್ಟನಡುವೆ ಇಟ್ಟಳು. ನೋಡಲು ಏನೂ ಚೆನ್ನಾಗಿರಲಿಲ್ಲ. ನಾನು ನಾಲ್ಕು ಸಲ ಅದರ ಸುತ್ತ ಓಡಾಡಿ ನಾಲ್ಕು ಸಲ ಬೈಸಿಕೊಂಡು ಬಂದೆ.

ಮೊದಲ ಹತ್ತು ದಿನ ಸೊನ್ನೆ. ಅವಳು ಪ್ರತಿ ಬೆಳಿಗ್ಗೆ ಗೆರೆ ನೋಡಿ, ಒಣಗಿದಷ್ಟು ನೀರು ತುಂಬಿ, ದೊಡ್ಡ ಸೊನ್ನೆ ಬರೆಯುತ್ತಿದ್ದಳು. ನನಗೇ ಸಂಕಟವಾಗಿ, “ಪುಟ್ಟಿ, ಒಂದು ಲೋಟ ನೀರು ಹಾಕಿ ಬರ್ದುಬಿಡೋಣ. ಮಿಸ್ಸಿಗೆ ಹೇಗೆ ಗೊತ್ತಾಗುತ್ತೆ?” ಎಂದೆ. ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಕಾಫಿ ಕದ್ದವನನ್ನು ಮೇಸ್ತ್ರಿಯೂ ಹಾಗೆ ನೋಡುವುದಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ಮೋಡ ಕಟ್ಟಿತು. ಗುಡುಗಿತು. ಬಂತು ನೋಡಿ ಹೂಮಳೆ! ಕಾಫಿ ಮೊಗ್ಗು ಅರಳಿಸುವ, ವರ್ಷದ ಫಸಲನ್ನೇ ನಿರ್ಧರಿಸುವ ಮಳೆ. ಒಂದು ಇಂಚು ಬಿದ್ದರೆ ಗೆದ್ದೆವು. ಅರೆಬರೆ ಬಿದ್ದರೆ ಮೊಗ್ಗು ಸುಟ್ಟ ಹಾಗಾಗುತ್ತದೆ, ಕೂಡಲೇ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ಅಪ್ಪ ಮಗಳು ಇಬ್ಬರೂ ಜಗಲಿಯಲ್ಲಿ ನಿಂತು ಕೂಗಿದ್ದೇ ಕೂಗಿದ್ದು.

ಮರುದಿನ ಎಂಟಕ್ಕೆ ಎಸ್ಟೇಟಿನ ಮಾಪಕ ಎಪ್ಪತ್ತೆರಡು ಸೆಂಟು ತೋರಿಸಿತು. ಸಾಹುಕಾರರಿಗೆ ತಿಳಿಸಿದೆ. “ಪಕ್ಕದ ತೋಟದಲ್ಲಿ ಒಂದು ಇಂಚು ದಾಟಿದೆಯಂತಲ್ಲ ಮಾರಾಯ! ನಮಗೇ ಯಾಕೆ ಯಾವಾಗ್ಲೂ ಕಮ್ಮಿ?” ಎಂದು ಅವರು ಒದ್ದಾಡಿದರು. “ಜಾಗದ ಗುಣ ಸಾರ್” ಎಂದೆ ಗಂಭೀರವಾಗಿ. ಎರಡು ವರ್ಷದಿಂದ ಹಾಗೆಯೇ ಹೇಳುತ್ತಿದ್ದೇನೆ. ಸ್ಪ್ರಿಂಕ್ಲರ್ ಪೈಪು ಜೀಪಿಗೆ ಹೇರಲು ಅಪ್ಪಣೆಯಾಯಿತು.

ಅಷ್ಟರಲ್ಲಿ ಮಗಳು ಓಡಿ ಬಂದಳು. “ಅಪ್ಪ, ಮೂವತ್ತೊಂದು ಮಿಲಿಮೀಟರ್!”

ಲೆಕ್ಕ ಹಾಕಿದೆ. ಒಂದು ಇಂಚು ಇಪ್ಪತ್ತೆರಡು ಸೆಂಟು. ನಕ್ಕೆ. “ನಿನ್ನ ಬಾಟಲಿ ತಪ್ಪು ಪುಟ್ಟಿ. ಎಪ್ಪತ್ತೆರಡು ಸೆಂಟು ಅಂದ್ರೆ ಹದಿನೆಂಟು ಮಿಲಿಮೀಟರ್, ಹಾಗಂತ ತಿದ್ದು.”

“ತಿದ್ದಲ್ಲ. ನಿನ್ನದೇ ತಪ್ಪಿರಬಹುದು.” ಅವಳ ಕಣ್ಣು ತುಂಬಿತ್ತು. “ಹತ್ತು ದಿನ ಸೊನ್ನೆ ಬರ್ದಿದೀನಿ. ಈಗ ಸುಳ್ಳು ಬರೀಬೇಕಾ?”

ಅವಳನ್ನು ಸಮಾಧಾನ ಮಾಡಿ, ನಿಜವಾದ ಮಾಪಕ ಎಂದರೆ ಹೇಗಿರುತ್ತದೆಂದು ತೋರಿಸೋಣವೆಂದು ಆಫೀಸಿನ ಮುಂದೆ ಕರೆದುಕೊಂಡು ಹೋದೆ. ಅವಳು ಮಾಪಕವನ್ನು ನೋಡಲೇ ಇಲ್ಲ. ಅದರ ಮೇಲೆ ನೋಡಿದಳು.

“ಅಪ್ಪ, ಇದಕ್ಕೆ ಕೊಡೆ ಹಿಡಿದಿರೋದು ಯಾರು?”

ತಲೆಯೆತ್ತಿದೆ. ಮಾಪಕದ ಮೇಲೆ ಒಂದು ಸಿಲ್ವರ್ ಓಕ್ ಮರ ಕೊಂಬೆಗಳನ್ನು ಚಾಚಿ ನಿಂತಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಧೃತಿ ಒಂದನೇ ತರಗತಿಯಲ್ಲಿದ್ದಾಗ ‘ಗಿಡ ನೆಟ್ಟು ಬೆಳೆಸಿ’ ಎಂಬ ಪ್ರಾಜೆಕ್ಟಿತ್ತು. ದನ ತಿನ್ನದ ಹಾಗೆ ಬೇಲಿಯಿರುವ ಜಾಗ ಹುಡುಕಿದೆ. ಎಸ್ಟೇಟಿನಲ್ಲಿ ಮಳೆಮಾಪಕದ ಬೇಲಿಯಷ್ಟು ಭದ್ರವಾದ ಬೇಲಿ ಬೇರೆ ಇರಲಿಲ್ಲ. ಆ ಪ್ರಾಜೆಕ್ಟಿಗೆ ಹತ್ತಕ್ಕೆ ಹತ್ತು. ದಿನಾ ಕೆಳಗೆ ಬಗ್ಗಿ ಮಳೆ ಅಳೆಯುವವನು ಒಂದು ದಿನವೂ ಮೇಲೆ ನೋಡಿರಲಿಲ್ಲ.

ಜೀಪು ಸ್ಟಾರ್ಟ್ ಆದ ಸದ್ದು ಕೇಳಿತು. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಆದರೆ ಪಕ್ಕದಲ್ಲಿ ಸೊನ್ನೆ ಬರೆದ ಹುಡುಗಿ ನಿಂತಿದ್ದಳು. ಜೀಪು ನಿಲ್ಲಿಸಿ, ಸಾಹುಕಾರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬಂದು ಮರ ನೋಡಿದರು, ಬಾಟಲಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು. “ಜಾಗದ ಗುಣ ಅಲ್ವೇನೋ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಪಕ ಬೇರೆ ಕಡೆಗೆ ಹೋಗುವವರೆಗೆ ಎಸ್ಟೇಟಿನ ಮಳೆ ಧೃತಿಯ ಬಾಟಲಿಯಲ್ಲೇ ಎಂದು ತೀರ್ಮಾನವಾಯಿತು. ಪೈಪು ಜೀಪಿನಿಂದ ಇಳಿಯಿತು.

ಮಳೆ ಬಿದ್ದ ಒಂಬತ್ತನೇ ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮ. ಪ್ರಾಜೆಕ್ಟಿನ ಕೊನೆಯ ಪುಟವನ್ನು ಅವತ್ತೇ ಅವಳು ನನ್ನ ಮುಂದೆ ಹಿಡಿದಳು. ‘ಸಹಾಯ ಮಾಡಿದವರು’ ಎಂಬಲ್ಲಿ ಅವಳದೇ ಗುಂಡು ಅಕ್ಷರದಲ್ಲಿ ಹೀಗಿತ್ತು: “ಯಾರೂ ಇಲ್ಲ. ಅಪ್ಪ ಮರ ನೆಟ್ಟಿದ್ದರು.”

ಅದರ ಕೆಳಗೆ ಪೋಷಕರ ಸಹಿಗೆ ಜಾಗವಿತ್ತು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಮುಟ್ಟಲು ಬಿಟ್ಟದ್ದು ಅದೊಂದೇ. ಬಹಳ ಅಂದವಾಗಿ ಸಹಿ ಹಾಕಿದೆ.