ಐದನೇ ಮೆಟ್ಟಿಲಿಗೆ ಗ್ರೀಕ್ ಹೆಸರಿಟ್ಟ ಸಾಹೇಬರಿಗೆ

ಕಾರ್ಮಿಕರ ಕ್ಷೇಮವನ್ನೇ ಉಸಿರಾಗಿಸಿಕೊಂಡ ಮಾನ್ಯ ಕ್ಷೇಮಾಧಿಕಾರಿಗಳೇ,

ಸಮವಸ್ತ್ರ ಹೊಲಿಯುವ ನಮ್ಮ ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲಿಗೆ ನೇರ ಎದುರಾಗಿರುವ ಮೇಜಿನ ಮುಂದೆ ಕುಳಿತು ಇಪ್ಪತ್ತೆರಡು ವರ್ಷದಿಂದ ಅಂಗಿಗಳಿಗೆ ಗುಂಡಿ ಹಾಕುತ್ತಿರುವ ನಾನು, ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರುವುದಕ್ಕೆ ಮೊದಲೇ ಕೈಮುಗಿದು ಕ್ಷಮೆ ಕೇಳುತ್ತೇನೆ. ತಾವು ಬರುವ ಮುಂಚೆ ನಾವೆಲ್ಲ ಎಂಥ ದಡ್ಡರಾಗಿದ್ದೆವು ಎಂದು ನೆನೆದರೆ ನಾಚಿಕೆಯಾಗುತ್ತದೆ. ಸೂರು ಸೋರಿದರೆ ಸೂರು ಸೋರುತ್ತಿದೆ ಎಂದು ದುರಸ್ತಿ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಅದು ಸೂರಿನ ತೊಂದರೆಯಲ್ಲ, ನಮ್ಮ ತಲೆಯ ತೊಂದರೆ ಎಂದು ತಿಳಿಸಿಕೊಟ್ಟವರು ತಾವು.

ಊಟದ ಕೋಣೆಯ ಗೋಡೆಗೆ ತಾವು ಅಂಟಿಸಿದ ಆ ದೊಡ್ಡ ಪಟ್ಟಿಯನ್ನು ನಾವು ಮೊದಲ ದಿನ ಔಷಧಿಗಳ ಹೆಸರೆಂದು ತಿಳಿದು, ತಲೆನೋವಿಗೆ ಯಾವುದು, ಹೊಟ್ಟೆ ಉರಿಗೆ ಯಾವುದು ಎಂದು ಹುಡುಕಿದ್ದು ನಿಜ. ಆಮೇಲೆ ಗೊತ್ತಾಯಿತು, ಅವೆಲ್ಲ ಭಯಗಳ ಹೆಸರುಗಳು, ಗ್ರೀಕ್ ಮಾತಿನಿಂದ ಬಂದವು ಎಂದು. ಗ್ರೀಕರಿಗೆ ಓಂಬ್ರೋಸ್ ಎಂದರೆ ಮಳೆಯಂತೆ. ಹಾಗಾಗಿ ಹೊಲಿಗೆ ಯಂತ್ರದ ಮೇಲೆ ನೀರು ಸುರಿದು ಕರೆಂಟು ಹೊಡೆಯುತ್ತದೆ ಎಂದು ದೂರಿದ ಆರು ಜನ ಹೆಂಗಸರಿಗೆ ಓಂಬ್ರೋಫೋಬಿಯಾ ಆಯಿತು. ಐಕ್ಮೆ ಎಂದರೆ ಈಟಿಯ ಮೊನೆಯಂತೆ. ಬಟ್ಟೆ ಕತ್ತರಿಸುವ ಯಂತ್ರದ ಅಡ್ಡತಗಡು ಬಿದ್ದುಹೋಗಿದೆ, ಬೆರಳು ಹೋಗುತ್ತದೆ ಎಂದ ನಮ್ಮ ಕತ್ತರಿ ಮಾವನಿಗೆ, ಮೂವತ್ತು ವರ್ಷ ಕತ್ತರಿ ಹಿಡಿದೇ ಸಂಸಾರ ಸಾಗಿಸಿದ ಮನುಷ್ಯನಿಗೆ, ಹರಿತವಾದದ್ದು ಕಂಡರೆ ಭಯಪಡುವ ಐಕ್ಮೋಫೋಬಿಯಾ ಬಂತು. ಪಾಪ, ಮಾವ ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಆಕೆ ಅದು ಅಂಟುರೋಗವೇ ಎಂದು ಕೇಳಿದರಂತೆ.

ಹೀಗೆ ಒಂದೊಂದೇ ದೂರು ದುರಸ್ತಿ ಪುಸ್ತಕದಿಂದ ಮಾಯವಾಗಿ, ನಮ್ಮ ಮಹಡಿಯ ಮೊಳೆಗೆ ತಾವು ನೇತುಹಾಕಿಸಿದ ಭಯದ ಪುಸ್ತಕ ಸೇರಿತು. ಈ ವರ್ಷ ದುರಸ್ತಿಯ ದೂರು ಒಂದೂ ಇಲ್ಲವೆಂದು ತಮಗೆ ಶಾಲು ಹೊದಿಸಿದಾಗ ನಾವೂ ಚಪ್ಪಾಳೆ ತಟ್ಟಿದೆವು. ಸೂರಿನ ಹನಿಯೊಂದು ಸನ್ಮಾನಪತ್ರದ ಮೇಲೆ ಬಿದ್ದದ್ದನ್ನು ತಾವು ತೋಳಿನಿಂದ ಒರೆಸಿಕೊಂಡಿರಿ.

ಇನ್ನು ನನ್ನ ಸಂಕಟಕ್ಕೆ ಬರುತ್ತೇನೆ. ಮೂರನೇ ಮಹಡಿಯಲ್ಲಿ ಇಸ್ತ್ರಿ ಹಾಕುವವಳು ನನ್ನ ಒಡಹುಟ್ಟಿದ ಅಕ್ಕ. ಮೂರನೇ ಮಹಡಿಗೆ ಹತ್ತುವ ಐದನೇ ಮೆಟ್ಟಿಲಿನ ಹಲಗೆ ಅಲ್ಲಾಡುತ್ತದೆಂದು ಆಕೆ ಮೂರು ಸಲ ಬರೆದುಕೊಟ್ಟಳು, ನಾಲ್ಕನೆಯ ಸಲ ಬರೆಯುವ ಮೊದಲೇ ಬಿದ್ದು ಕಾಲು ಮುರಿದುಕೊಂಡಳು. ಬಿದ್ದದ್ದು ನನ್ನ ಕಣ್ಣೆದುರಿಗೇ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಾಲಿನ ಪಟ್ಟಿ ಬಿಚ್ಚಿಸಿಕೊಂಡು ಕೆಲಸಕ್ಕೆ ಮರಳಿದ ದಿನವೇ ಆಕೆ ಮತ್ತೆ ಅದೇ ಮೆಟ್ಟಿಲಿನ ಮಾತೆತ್ತಿದ್ದಕ್ಕೆ, ತಾವು ಕನ್ನಡಕ ಏರಿಸಿ, ಬಾತ್ಮೋಸ್ ಎಂದರೆ ಮೆಟ್ಟಿಲು, ಇದು ಬಾತ್ಮೋಫೋಬಿಯಾ ಎಂದು ಬರೆದಿರಿ. ಇನ್ನು ಮೇಲೆ ಭಯದ ಪುಸ್ತಕದಲ್ಲಿ ಹೆಸರು ಬರುವವರನ್ನು ಆ ಭಯದ ಜಾಗದಲ್ಲಿ ಕೆಲಸಕ್ಕಿಡಬಾರದೆಂಬುದು ತಾವೇ ಹೊಸದಾಗಿ ಮಾಡಿದ ನಿಯಮ. ಇಸ್ತ್ರಿ ಇರುವುದು ಮೂರನೇ ಮಹಡಿಯಲ್ಲಿ ಮಾತ್ರ. ಆದ್ದರಿಂದ ಬರುವ ಒಂದನೇ ತಾರೀಕಿನಿಂದ ಅಕ್ಕನಿಗೆ ಕೆಲಸವಿಲ್ಲ.

"ನಂಗೆ ಮೆಟ್ಲು ಕಂಡ್ರೆ ಭಯ ಇಲ್ಲ ಕಣೇ, ಅಲ್ಲಾಡೋ ಮೆಟ್ಲು ಕಂಡ್ರೆ ಭಯ," ಎಂದಳು ಅಕ್ಕ, ಅಷ್ಟೇ. ಆಮೇಲೆ ಅತ್ತಳು. ಹದಿನೆಂಟು ವರ್ಷ ಒಂದು ಕಾಲರನ್ನೂ ಸುಟ್ಟವಳಲ್ಲ, ಸಾಹೇಬರೇ. ನನಗೆ ಹೊಟ್ಟೆ ಉರಿಯಿತು. ಇದಕ್ಕೂ ತಮ್ಮ ಪಟ್ಟಿಯಲ್ಲಿ ಹೆಸರಿದ್ದರೆ ದಯವಿಟ್ಟು ತಿಳಿಸಿ.

ತಮ್ಮ ಪಾಂಡಿತ್ಯಕ್ಕೆ ತಕ್ಕ ಕೆಲವು ಸಣ್ಣ ಬೇಡಿಕೆಗಳಿವೆ. ಬಟ್ಟೆ ದಾಸ್ತಾನಿನಲ್ಲಿ ಓಡಾಡುವ ಇಲಿಗಳಿಗೆ, ನೀವು ಇಲಿಗಳಲ್ಲ, ನಮ್ಮ ಹೆಂಗಸರ ಮನಸ್ಸಿನ ಭ್ರಮೆ ಎಂದು ಲಿಖಿತ ಆದೇಶ ಕಳುಹಿಸಿ, ಭ್ರಮೆಗಳು ಬಟ್ಟೆ ಕಡಿಯುವುದು ಶಿಸ್ತಿಗೆ ವಿರುದ್ಧವೆಂದು ಎಚ್ಚರಿಸಬೇಕು. ಐದನೇ ಮೆಟ್ಟಿಲು ನಡುಗುತ್ತಿರುವುದು ನಮ್ಮನ್ನು ಕಂಡ ಭಯದಿಂದಲೇ ಇರಬಹುದಾದ್ದರಿಂದ, ಅದಕ್ಕೊಂದು ಗ್ರೀಕ್ ಹೆಸರು ಕೊಟ್ಟು, ಪೂರ್ತಿ ಸಂಬಳದ ರಜೆ ನೀಡಿ, ಅದರ ಜಾಗದಲ್ಲಿ ಗಟ್ಟಿ ಮನಸ್ಸಿನ ಹಲಗೆಯೊಂದನ್ನು ನೇಮಿಸಬೇಕು. ಗ್ರೀಕ್ ಹಿರಿಯರು ಯಾರಾದರೂ ತಮಗೆ ಪರಿಚಯವಿದ್ದರೆ, ಹೆಸರಿನ ಜೊತೆಗೆ ನಾಲ್ಕು ಸ್ಕ್ರೂ ಕಳಿಸಲು ಹೇಳಬೇಕು.

ತಮ್ಮ ಪ್ರಭಾವದಿಂದ ನಾನೂ ಗ್ರಂಥಾಲಯಕ್ಕೆ ಹೋಗಿ ನಿಘಂಟು ತಿರುವಿದೆ. ಫೋಬೋಸ್ ಎಂಬ ಮಾತಿನ ಅತಿ ಹಳೆಯ ಅರ್ಥ ಭಯವಲ್ಲವಂತೆ, ಕಾಲಿಗೆ ಬುದ್ಧಿ ಹೇಳುವುದಂತೆ. ಹಾಗಿದ್ದರೆ ಕಾಲು ಮುರಿದ ಮೇಲೂ ಅದೇ ಮೆಟ್ಟಿಲು ಹತ್ತಿ ಕೆಲಸಕ್ಕೆ ಬಂದ ಅಕ್ಕನಿಗೆ ಆ ಮಾತು ಹೇಗೆ ಒಪ್ಪುತ್ತದೆ? ದುರಸ್ತಿಗೆ ಗ್ರೀಕಿನಲ್ಲಿ ಎಪಿಸ್ಕೆವೆ ಎನ್ನುತ್ತಾರಂತೆ. ದುರಸ್ತಿ ಚೀಟಿ ಕಂಡೊಡನೆ ಪೆನ್ನಿನ ಮುಚ್ಚಳ ಹಾಕಿ ಎದ್ದುಹೋಗುವವರಿಗೆ ಎಪಿಸ್ಕೆವೋಫೋಬಿಯಾ ಎಂಬ ಹೆಸರನ್ನು ನಾನೇ ಹೊಲಿದಿದ್ದೇನೆ, ಅಳತೆ ತಮ್ಮದೇ. ತಮ್ಮ ಪಟ್ಟಿಯ ಕೊನೆಯಲ್ಲಿ ಜಾಗವಿದ್ದರೆ ಸೇರಿಸಿಕೊಳ್ಳಿ.

ಇಷ್ಟಾದರೂ ತಮ್ಮ ಮೇಲಿನ ಗೌರವದ ಒಂದು ಗುಂಡಿಯೂ ಕಳಚದ,
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಗುಂಡಿಯವಳು

ಮರೆತ ಮಾತು: ತಮ್ಮ ಕೋಣೆಯೂ ಮೂರನೇ ಮಹಡಿಯಲ್ಲೇ ಇದೆಯಲ್ಲ. ಕಳೆದ ಇಡೀ ವಾರ ತಾವು ಹತ್ತುವಾಗಲೂ ಇಳಿಯುವಾಗಲೂ ಗೋಡೆ ಹಿಡಿದು, ಉಸಿರು ಬಿಗಿಹಿಡಿದು, ಐದನೇ ಮೆಟ್ಟಿಲನ್ನು ದಾಟಿ ಕಾಲಿಡುವುದನ್ನು ನನ್ನ ಮೇಜಿನಿಂದ ನೋಡಿದೆ. ನಾಚಿಕೆಪಡಬೇಡಿ, ಅದು ಬಾತ್ಮೋಫೋಬಿಯಾ. ತಮ್ಮ ಹೆಸರನ್ನು ಭಯದ ಪುಸ್ತಕದಲ್ಲಿ ಅಕ್ಕನ ಹೆಸರಿನ ಕೆಳಗೇ ಬರೆದಿದ್ದೇನೆ, ನಲವತ್ತು ಜನ ಸಾಕ್ಷಿ ಹಾಕಿದ್ದಾರೆ. ನಿಯಮದಂತೆ ಒಂದನೇ ತಾರೀಕಿನಿಂದ ತಮಗೂ ಕೆಲಸವಿಲ್ಲವೆಂಬ ಪತ್ರವನ್ನು ಗುಮಾಸ್ತರು ಟೈಪು ಮಾಡಿ ತಮ್ಮ ಮೇಜಿನ ಮೇಲಿಟ್ಟಿದ್ದಾರೆ. ಪಕ್ಕದಲ್ಲೇ ಒಂದು ಹಲಗೆ, ನಾಲ್ಕು ಸ್ಕ್ರೂ ಬೇಕೆಂಬ ದುರಸ್ತಿ ಚೀಟಿಯೂ ಇದೆ. ಯಾವುದಕ್ಕೆ ಸಹಿ ಹಾಕುತ್ತೀರೋ ತಮ್ಮಿಷ್ಟ. ಬಡಗಿಯೂ ಅಕ್ಕನೂ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಾರೆ.