ಕನ್ನಡಕದವರ ಡಬ್ಬಿ

"ನಿಮ್ಮ ಡಬ್ಬಿಯ ಮುಚ್ಚಳ ಸಡಿಲವಾಗಿದೆ, ಗಮನಿಸಿ" ಎಂಬ ಒಂದು ಸಾಲು ಬೆಳಿಗ್ಗೆ ಫೋನಿಗೆ ಬಾರದೇ ಇದ್ದಿದ್ದರೆ, ಕನ್ನಡಕದವರು ಎಂದಿನಂತೆ ತಮ್ಮ ಕನ್ನಡಕದ ಅಂಗಡಿಯ ಬಾಗಿಲು ತೆಗೆದು ಗಾಜು ಒರೆಸುತ್ತ ಮರ್ಯಾದೆಯಾಗಿ ಕೂತಿರುತ್ತಿದ್ದರು. ಆದರೆ ಗ್ರಹಚಾರ ಹೇಳಿ ಕೇಳಿ ಬರುವಂಥದ್ದಲ್ಲ.

ಡಬ್ಬಿ ಇದ್ದದ್ದು ಉದ್ಯಾನದ ಹಿಂಬದಿಯಲ್ಲಿ, ಕಲ್ಲುಬೆಂಚಿನ ಎದುರಿನ ಹಳೇ ಮರದ ಪೊಟರೆಯಲ್ಲಿ. ಜಿಯೋಕ್ಯಾಶಿಂಗ್ ಎಂಬ ಆಟ ಅದು. ಒಬ್ಬರು ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ಆಟದವರ ನಕಾಶೆಯಲ್ಲಿ ಹಾಕುತ್ತಾರೆ; ಕಂಡುಕೇಳದ ಯಾರೋ ಫೋನು ಹಿಡಿದು ಹುಡುಕಿಕೊಂಡು ಬರುತ್ತಾರೆ. ಡಬ್ಬಿಯಿಂದ ಏನಾದರೂ ಚಿಲ್ಲರೆ ಸಾಮಾನು ತೆಗೆದುಕೊಂಡರೆ, ಅಷ್ಟೇ ಬೆಲೆಯ ಇನ್ನೊಂದನ್ನು ಇಟ್ಟು ಹೋಗಬೇಕು. ಆಡುವವರಿಗೆಲ್ಲ ಅಡ್ಡಹೆಸರು. ಹುಡುಕುವುದು ಹೊರಗಿನವರ ಕಣ್ಣಿಗೆ ಬೀಳಬಾರದು. ಯಾರಾದರೂ ನೋಡುತ್ತಿದ್ದರೆ ಸುಮ್ಮನೆ ಮುಂದೆ ನಡೆದುಬಿಡಬೇಕು.

ಐವತ್ತು ದಾಟಿದ ಮನುಷ್ಯನಿಗೆ ಇದೇಕೆ ಬೇಕಿತ್ತು ಎಂದು ಕೇಳಬಹುದು. ಅವರ ಅಂಗಡಿಗೆ ಬರುವವರೆಲ್ಲ "ಸರಿಯಾಗಿ ಕಾಣಿಸ್ತಿಲ್ಲ" ಎಂದು ದೂರುತ್ತಲೇ ಬರುವವರು. ಡಬ್ಬಿ ಹುಡುಕಿ ಬಂದ ಅಪರಿಚಿತರೊಬ್ಬರು ಮಾತ್ರ "ಎಂಥ ಚೆಂದದ ಮರ ತೋರಿಸಿದಿರಿ" ಎಂದು ಬರೆದಿದ್ದರು. ಅದನ್ನು ಓದಿದ ದಿನ ಕನ್ನಡಕದವರ ಕಣ್ಣು ತುಂಬಿ ಬಂದಿತ್ತು. ಹೆಂಡತಿಗೆ ಹೇಳಿರಲಿಲ್ಲ, ನಕ್ಕರೆ ತಡೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಹಾಗಂತ ಡಬ್ಬಿಯನ್ನು ಅವರು ಕದ್ದುಮುಚ್ಚಿ ಇಟ್ಟಿರಲಿಲ್ಲ. ಉದ್ಯಾನದ ಮೇಲ್ವಿಚಾರಕಿಯ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದು ಅನುಮತಿ ಪಡೆದಿದ್ದರು. ಮಣ್ಣು ಅಗೆಯುವಂತಿಲ್ಲ, ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಡಬ್ಬಿಯ ಮೇಲೆ ಹೆಸರು ಬರೆದಿರಬೇಕು. "ನಿಮ್ಮ ಡಬ್ಬಿಯಿಂದ ಜನ ಸೇರಿ ಒಂದು ಗಿಡ ಹಾಳಾದ್ರೂ ಅವತ್ತೇ ತೆಗೆಸ್ತೀನಿ" ಎಂದಿದ್ದರು ಮೇಲ್ವಿಚಾರಕಿ. ಅನುಮತಿಯನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಅವರು ಬರುವುದಿದ್ದದ್ದು ಇವತ್ತೇ. ಡಬ್ಬಿ ಹೋದರೆ ಆ ಮರವನ್ನು ಇನ್ನು ಯಾರಿಗೆ ತೋರಿಸುವುದು ಎಂಬ ಯೋಚನೆಯಲ್ಲಿ ಕನ್ನಡಕದವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಹಾಗಾಗಿ ಮುಚ್ಚಳ ಬಿಗಿ ಮಾಡಲು ಅಂಗಡಿ ತೆರೆಯುವ ಮೊದಲೇ ಹೊರಟರು. ಉದ್ಯಾನದ ತುಂಬ ಬೆಳಗಿನ ವಾಕಿಂಗಿನವರು. ಕನ್ನಡಕದವರು ಮರದ ಹತ್ತಿರ ಹೋದರು, ಯಾರೋ ಬಂದರೆಂದು ವಾಪಸು ಬಂದರು, ಮತ್ತೆ ಹೋದರು. ಕೊನೆಗೆ ಬೆಂಚಿನ ಬಳಿ ಬಗ್ಗಿ ಬೂಟಿನ ಲೇಸು ಕಟ್ಟುವವರಂತೆ ಕೂತರು.

"ಚಪ್ಪಲಿಗೆ ಲೇಸ್ ಎಲ್ಲಿಂದ ಬಂತು?" ಎಂದಿತು ಹಿಂದಿನಿಂದ ಒಂದು ಧ್ವನಿ.

ನಿವೃತ್ತ ಮೇಷ್ಟ್ರು. ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ಮೇಷ್ಟ್ರುತನದಿಂದಲ್ಲ.

"ಆಗಿಂದ ನೋಡ್ತಿದ್ದೀನಿ, ಇಲ್ಲೇ ಸುತ್ತುತ್ತಿದ್ದೀರಿ. ಏನ್ ಕಳ್ಕೊಂಡ್ರಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಸುಳ್ಳಿನ ಅಳತೆ ತಿಳಿಯುವುದಿಲ್ಲ. ಒಂದು ಗುಂಡಿ ಬಿತ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕನ್ನಡಕದವರ ಬಾಯಿಂದ ಬಂದದ್ದು, "ಉಂಗುರ. ನಮ್ಮ ಮನೆಯವಳದ್ದು."

ಮೇಷ್ಟ್ರು ಚಪ್ಪಾಳೆ ತಟ್ಟಿದರು. ವಾಕಿಂಗಿನವರೆಲ್ಲ ಬಂದು ಸೇರಿದರು. ಮೇಷ್ಟ್ರು ಅವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಜಾಗ ಹಂಚಿದರು. ಅಂಗಡಿಯ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಟೈಲರಮ್ಮ, "ಸೂಜಿ ಬಿದ್ರೇ ಬಿಡೋಳಲ್ಲ ನಾನು" ಎಂದು ಸೆರಗು ಸಿಕ್ಕಿಸಿಕೊಂಡು ನೇರ ಹೂವಿನ ಪಾತಿಗೇ ಇಳಿದರು.

"ಪಾತಿಗೆ ಕಾಲಿಡ್ಬೇಡಿ, ದಯವಿಟ್ಟು" ಎಂದು ಕನ್ನಡಕದವರು ಬೇಡಿಕೊಂಡರು.

"ನಿಮ್ಗೆ ಹೂ ಮುಖ್ಯಾನೋ ಹೆಂಡ್ತಿ ಮುಖ್ಯಾನೋ?" ಎಂದು ಟೈಲರಮ್ಮ ಗದರಿದರು. "ಪಾಪ, ಅವ್ರಿಗೆ ಫೋನ್ ಮಾಡಿ ಹೇಳಿದ್ದೀನಿ. ಬರ್ತಿದ್ದಾರೆ."

ಕನ್ನಡಕದವರ ಹೆಂಡತಿಯ ಉಂಗುರ ಹೆಂಡತಿಯ ಬೆರಳಿನಲ್ಲೇ ಇತ್ತು.

ಪಾತಿ ಎಮ್ಮೆ ಹೊಕ್ಕ ಹೊಲದಂತಾಗಿದ್ದಾಗ ಮೇಲ್ವಿಚಾರಕಿ ಬಂದರು. ಅದೇ ಹೊತ್ತಿಗೆ ಮೇಷ್ಟ್ರು, "ಕಾಗೆ ಎತ್ಕೊಂಡು ಹೋಗಿ ಇಟ್ಟಿರ್ಬಹುದು" ಎಂದು ಪೊಟರೆಯೊಳಗೆ ಕೈ ಹಾಕಿದರು. ಡಬ್ಬಿ ಹೊರಗೆ ಬಂತು. ಮುಚ್ಚಳ ಸಡಿಲವಾಗಿತ್ತಲ್ಲ, ತಾನಾಗಿಯೇ ತೆರೆದುಕೊಂಡಿತು. ಒಳಗೆ ಒಂದು ಪ್ಲಾಸ್ಟಿಕ್ ಪೀಪಿ, ಎರಡು ಗೋಲಿ, ಮತ್ತೆ ಕೆಂಪು ಕಲ್ಲಿನ ಒಂದು ಉಂಗುರ.

"ಸಿಕ್ತು" ಎಂದರು ಮೇಷ್ಟ್ರು ಗಂಭೀರವಾಗಿ.

ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಉಂಗುರ ಅಲ್ಲೇ ಇತ್ತು. ಅವರು ಇಟ್ಟಿದ್ದದ್ದು ಒಂದು ಪುಟ್ಟ ಭೂತಗನ್ನಡಿ. ಯಾರೋ ಅದನ್ನು ತೆಗೆದುಕೊಂಡು, ನಿಯಮದಂತೆ ಇದನ್ನು ಇಟ್ಟು ಹೋಗಿದ್ದರು.

ಮೇಲ್ವಿಚಾರಕಿ ಡಬ್ಬಿಯ ಮೇಲಿನ ಹೆಸರು ಓದಿದರು. "ಡಬ್ಬಿ ನಿಮ್ದೇ. ಅಂದ್ರೆ ಇದಕ್ಕೋಸ್ಕರಾನೇ ಇಷ್ಟು ಜನ ಸೇರಿ ಪಾತಿ ತುಳಿದದ್ದು?"

ಇನ್ನು ನಿಜ ಹೇಳುವುದೇ ಸರಿ ಎಂದು ಕನ್ನಡಕದವರು ಬಾಯಿ ತೆರೆದರು.

"ಆ ಉಂಗುರ ನಂದು, ಕೊಡಿ ಇಲ್ಲಿ."

ಈ ಮಾತೆಲ್ಲ ಕೇಳಿಸಿಕೊಂಡು ಹೆಂಡತಿ ಬಂದು ನಿಂತಿದ್ದರು. ಮೇಷ್ಟ್ರ ಕೈಯಿಂದ ಉಂಗುರ ತೆಗೆದುಕೊಂಡು ಬೆರಳಿಗೆ ತೂರಿಸಿದರು. ಗೆಣ್ಣಿನ ಹತ್ತಿರ ಅದು ಸಿಕ್ಕಿಕೊಂಡಿತು. ಮುಖದ ಒಂದು ಗೆರೆಯೂ ಕದಲದಂತೆ ಒತ್ತಿ ಒಳಗೆ ಸೇರಿಸಿದರು.

"ನಡೆಯುವಾಗ ಬೆರಳು ಊದುತ್ತೆ ಮೇಡಂ. ನಿನ್ನೆ ತೆಗೆದು ಆ ಡಬ್ಬೀಲಿ ಇಟ್ಟೋಳು ನಾನೇ, ಇವರಿಗೆ ಹೇಳೋದು ಮರೆತೆ. ಡಬ್ಬೀದು ಏನೂ ತಪ್ಪಿಲ್ಲ."

ಮೇಲ್ವಿಚಾರಕಿ ಡಬ್ಬಿಯನ್ನು ಕನ್ನಡಕದವರ ಕೈಗಿಟ್ಟರು. "ಉಂಗುರದ ವಿಷಯ ಅಂದ್ರೆ ಮನುಷ್ಯರ ವಿಷಯ. ಡಬ್ಬಿ ಸದ್ಯಕ್ಕೆ ಇರ್ಲಿ. ಪಾತಿ ಮಾತ್ರ ನೀವೇ ಸರಿ ಮಾಡ್ಕೊಡಿ."

ಜನ ತೃಪ್ತಿಯಿಂದ ಚದುರಿದರು. ಕನ್ನಡಕದವರು ಮಂಡಿಯೂರಿ ಗಿಡಗಳನ್ನು ಒಂದೊಂದಾಗಿ ನಿಲ್ಲಿಸಿದರು. ಹೆಂಡತಿಯ ಮೇಲೆ ಅಷ್ಟು ಪ್ರೀತಿ ಅವರಿಗೆ ಮದುವೆಯ ಹೊಸದರಲ್ಲೂ ಉಕ್ಕಿರಲಿಲ್ಲ.

"ನನ್ನ ಮಾನ ಉಳಿಸಿದೆ" ಎಂದರು.

"ಉಳಿಸ್ಕೊಂಡಿದ್ದು ನನ್ನ ಮಾನ" ಎಂದರು ಹೆಂಡತಿ. "ಈಗ ಹೇಳಿ. ಯಾರದು ಇದು?"

ಕನ್ನಡಕದವರು ಒಂದನ್ನೂ ಮುಚ್ಚಿಡದೆ ಆಟವನ್ನೆಲ್ಲ ವಿವರಿಸಿದರು.

"ಇಟ್ಟೋರು ಯಾರು?"

"ಗೊತ್ತಿಲ್ಲ. ಬೆಳಿಗ್ಗೆ ಮುಚ್ಚಳದ ವಿಷಯ ಬರೆದೋರೇ ಇರ್ಬೇಕು."

"ಹೆಸರು?"

ಕನ್ನಡಕದವರು ಫೋನು ನೋಡಿದರು. ನೋಡಬಾರದಿತ್ತು. "ಸಂಜೆಮಲ್ಲಿಗೆ ಅಂತ ಇದೆ. ಅಡ್ಡಹೆಸರು. ಗಂಡಸೂ ಇರ್ಬಹುದು."

"ಗಂಡಸು ಸಂಜೆಮಲ್ಲಿಗೆ" ಎಂದರು ಹೆಂಡತಿ ನಿಧಾನವಾಗಿ. "ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ನೀವು ಬಚ್ಚಿಟ್ಟ ಜಾಗ ಅವಳಿಗೆ ಗೊತ್ತು. ಯಾರೂ ನೋಡದೇ ಇರೋ ಹೊತ್ತಲ್ಲಿ ಬರ್ತಾಳೆ, ನಿಮ್ದೊಂದು ತಗೊಂಡು ತನ್ನದೊಂದು ಇಟ್ಟು ಹೋಗ್ತಾಳೆ. ಹೋದ ಮೇಲೆ ಮುಚ್ಚಳ ಸರಿ ಮಾಡಿ ಅಂತಾನೂ ಹೇಳ್ತಾಳೆ."

ಕನ್ನಡಕದವರಿಗೆ ಇದರಲ್ಲಿ ಸುಳ್ಳು ಎಂದು ಬೆರಳಿಟ್ಟು ತೋರಿಸಲು ಒಂದು ಮಾತೂ ಸಿಗಲಿಲ್ಲ.

"ಮತ್ತೆ ಬರ್ತಾಳಾ?"

"ಯಾರು ಬೇಕಾದ್ರೂ ಬರ್ಬಹುದು."

"ಬರ್ಲಿ."

ಮರುದಿನ ಬೆಳಿಗ್ಗೆ ಹೆಂಡತಿ ಉಣ್ಣೆಯ ಉಂಡೆ, ಹೆಣೆಯುವ ಕಡ್ಡಿ ಹಿಡಿದು ಬಂದು, ಪೊಟರೆಯ ಎದುರಿನ ಕಲ್ಲುಬೆಂಚಿನಲ್ಲಿ ಕೂತರು. ಅದರ ಮರುದಿನವೂ ಕೂತರು. ಕತ್ತಲಾದರೆ ಉದ್ಯಾನದ ಬಾಗಿಲು ಹಾಕುತ್ತಾರೆ, ಅಲ್ಲಿಯವರೆಗೆ ಏಳುತ್ತಿರಲಿಲ್ಲ. ಕನ್ನಡಕದವರ ಫೋನಿಗೆ ದಿನವೂ ಸಾಲುಗಳು ಬರತೊಡಗಿದವು: "ಬಂದಿದ್ದೆ. ಬೆಂಚಿನಲ್ಲಿ ಒಬ್ಬರು ಕೂತಿದ್ದರು. ನಿಯಮದಂತೆ ಹುಡುಕದೆ ಹಿಂತಿರುಗಿದೆ." ಎಲ್ಲರೂ ಜವಾಬ್ದಾರಿಯವರು. ಯಾರೊಬ್ಬರೂ ನಿಯಮ ಮುರಿಯಲಿಲ್ಲ. ಆಮೇಲೆ ಸಾಲುಗಳೂ ನಿಂತುಹೋದವು.

ಪಾತಿಯಲ್ಲಿ ಹೂ ಬಿಟ್ಟ ಮೇಲೆ ಮೇಲ್ವಿಚಾರಕಿ ಒಮ್ಮೆ ಆ ಕಡೆ ಬಂದರು. ಹೆಂಡತಿಗೆ ಮಧ್ಯಾಹ್ನದ ಊಟದ ಡಬ್ಬಿ ತಂದುಕೊಡಲು ಬಂದಿದ್ದ ಕನ್ನಡಕದವರು ಅಲ್ಲೇ ಇದ್ದರು. ಮೇಲ್ವಿಚಾರಕಿ ಸುತ್ತಲೂ ನೋಡಿದರು. ತುಳಿದ ಹುಲ್ಲಿಲ್ಲ, ಮುರಿದ ಕೊಂಬೆಯಿಲ್ಲ, ಒಂದು ನರಪಿಳ್ಳೆಯ ಸುಳಿವಿಲ್ಲ.

"ಇಷ್ಟು ಜವಾಬ್ದಾರಿಯಿಂದ ನಡೆಯೋ ಆಟ ನಾನೆಲ್ಲೂ ನೋಡಿಲ್ಲ" ಎಂದರು ಮನಸಾರೆ. "ನಿಮ್ಮ ಡಬ್ಬಿ ಎಷ್ಟು ವರ್ಷ ಬೇಕಾದ್ರೂ ಇಲ್ಲೇ ಇರ್ಲಿ."

"ಇರ್ಲಿ ಮೇಡಂ" ಎಂದರು ಹೆಂಡತಿ, ಹೆಣಿಗೆಯಿಂದ ಕಣ್ಣೆತ್ತದೆ. "ನಾನೂ ಇಲ್ಲೇ ಇರ್ತೀನಿ."