ಮೇಜನ್ನು ಪುಸ್ತಕ ಮಾಡಿ

ಬೇಸಿಗೆ ರಜೆ ಶುರುವಾದ ದಿನ ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ನಾನು ಹೆಂಡತಿಯ ಎದುರು ಒಂದು ಘೋಷಣೆ ಮಾಡಿದೆ.

"ಕುಮುದಿನಿ, ಈ ರಜೆ ಮುಗಿಯುವುದರೊಳಗೆ ನಿನ್ನ ಹಪ್ಪಳವನ್ನು ಜಗತ್ತಿನ ಮುಂದೆ ಇಡ್ತೇನೆ. ನಿನಗೊಂದು ವೆಬ್‌ಸೈಟ್ ಮಾಡುದು ಅಂತ ತೀರ್ಮಾನ ಆಗಿದೆ."

ಅವಳು ಹಲಸಿನ ತೊಳೆ ಬೇಯಲು ಇಟ್ಟು ಒಲೆಯ ಮುಂದೆ ನಿಂತಿದ್ದಳು. ತಿರುಗಿಯೂ ನೋಡಲಿಲ್ಲ. "ಜಗತ್ತಿನ ಮುಂದೆ ಮತ್ತೆ ಇಡುವಾ. ಮೊದಲು ಅಂಗಳದಲ್ಲಿ ಚಾಪೆ ಹಾಸಿ ಬಿಸಿಲಿನ ಮುಂದೆ ಇಡಿ" ಎಂದಳು.

ಲೋಕೋದ್ಧಾರಕ್ಕೆ ಹೊರಟವರಿಗೆ ಮನೆಯಲ್ಲಿ ಸಿಗುವ ಸ್ವಾಗತ ಇಷ್ಟೇ. ನಾನು ಚಾಪೆ ಹಾಸಿದೆ.

ಕಡಬದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಕಂಪ್ಯೂಟರಿಗೂ ನನಗೂ ಇದ್ದ ಸಂಬಂಧ ದೂರದ ನೆಂಟರದ್ದು, ವರ್ಷಕ್ಕೊಮ್ಮೆ ಅಂಕ ತುಂಬಿಸುವಾಗ ಮುಖ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ನಮ್ಮ ವಿಜ್ಞಾನದ ಮೇಷ್ಟ್ರು ಹರಿಪ್ರಸಾದ್ ಶಾಲೆಗೊಂದು ವೆಬ್‌ಸೈಟ್ ಮಾಡಿ, ವಾರ್ಷಿಕೋತ್ಸವದಲ್ಲಿ ಶಾಲು ಹೊದೆಸಿಕೊಂಡು, ಮೈಕಿನ ಮುಂದೆ ನಿಂತು, "ಇದು ಭಾಷಾ ಮೇಷ್ಟ್ರುಗಳಿಗೆ ಹೇಳಿ ಅರ್ಥ ಆಗುವ ವಿಷಯ ಅಲ್ಲ" ಎಂದು ನಗಾಡಿದ್ದರು. ಸಭೆಯೂ ನಕ್ಕಿತ್ತು. ಆ ನಗು ನನ್ನ ಹೊಟ್ಟೆಯಲ್ಲಿ ಮಾರ್ಚಿನಿಂದ ಹಾಗೆಯೇ ಕೂತಿತ್ತು.

ಕುಮುದಿನಿಯ ಹಪ್ಪಳಕ್ಕಾದರೋ ಪ್ರಚಾರದ ಅಗತ್ಯವೇ ಇರಲಿಲ್ಲ. ಪುತ್ತೂರಿನ ಒಂದು ದೊಡ್ಡ ಅಂಗಡಿಯವರು ಪ್ರತಿ ಬೇಸಿಗೆಯಲ್ಲೂ ಅವಳು ಮಾಡಿದ್ದನ್ನೆಲ್ಲ ಕೊಂಡುಕೊಳ್ಳುತ್ತಿದ್ದರು. ಹೇಳಿದ ದಿನಕ್ಕೆ ಹೇಳಿದಷ್ಟು ಕೊಡುವುದು ಅವಳ ವ್ರತ. ಒಂದು ಸಲವೂ ತಪ್ಪಿದ್ದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಜಗತ್ತಿನ ವಿಷಯವೇ ಮಾತಾಡಿದೆ.

ವೆಬ್‌ಸೈಟ್ ಮಾಡುವುದು ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಸಿದ್ಧಪಡಿಸಿಟ್ಟ ವಿನ್ಯಾಸಗಳನ್ನು ಪುಕ್ಕಟೆ ಕೊಡುವ ಒಂದು ಜಾಗ ಸಿಕ್ಕಿತು. ಅವರು ಮನೆ ಕಟ್ಟಿ ಕೊಡುತ್ತಾರೆ, ನಾವು ಹೋಗಿ ಹೆಸರಿನ ಬೋರ್ಡು ತಗುಲಿಸಿದರಾಯಿತು. ಅಂಗಡಿಗಳ ವಿನ್ಯಾಸದಲ್ಲಿ ಬರೀ ಚಪ್ಪಲಿ, ಕೈಗಡಿಯಾರ. ನನಗೆ ಹಿಡಿಸಲಿಲ್ಲ. ಕೊನೆಗೆ ಹಸಿರು ಬಣ್ಣದ, ಬಿಸಿಬಿಸಿ ಹಬೆಯಾಡುವ ತಟ್ಟೆಗಳಿದ್ದ ಒಂದನ್ನು ಆರಿಸಿದೆ. ಅದು ಹೋಟೆಲಿನವರಿಗೆಂದು ಮಾಡಿಟ್ಟದ್ದು. ತಿನ್ನುವ ವಸ್ತುವಿಗೆ ತಿನ್ನುವ ವಿನ್ಯಾಸ, ಅದರಲ್ಲಿ ಏನು ತಪ್ಪು ಎಂದು ನನಗೆ ತೋರಿತು.

ಅದರಲ್ಲಿದ್ದದ್ದೆಲ್ಲ ಇಂಗ್ಲಿಷು. ಕನ್ನಡ ಮೇಷ್ಟ್ರ ಮನೆಯ ವೆಬ್‌ಸೈಟು ಇಂಗ್ಲಿಷಿನಲ್ಲಿ ಇರುವುದುಂಟೇ. ಒಂದು ಗುಂಡಿ ಒತ್ತಿದರೆ ಎಲ್ಲವೂ ಕನ್ನಡದಲ್ಲಿ ಕಾಣುತ್ತದೆ ಎಂದಿತ್ತು. ಒತ್ತಿದೆ. ಕಂಡಿತು. ಎಂಥ ಕನ್ನಡ! ಮೂಲೆಯಲ್ಲಿದ್ದ 'ಕಾರ್ಟ್' ಹೋಗಿ 'ಎತ್ತಿನ ಗಾಡಿ' ಬಂದಿತ್ತು. ನಡುವೆ ದೊಡ್ಡದೊಂದು ಕೆಂಪು ಗುಂಡಿ. ಅದರ ಮೇಲೆ 'ಮೇಜನ್ನು ಪುಸ್ತಕ ಮಾಡಿ' ಎಂದು ಬರೆದಿತ್ತು.

ನಾನು ಬಹಳ ಹೊತ್ತು ಆ ವಾಕ್ಯದ ಮುಂದೆ ಕುಳಿತೆ. ಕರ್ತೃ ಇಲ್ಲ, ಆದರೆ ಕರ್ಮ ಉಂಟು, ಕ್ರಿಯೆ ಉಂಟು. ವ್ಯಾಕರಣ ಸರಿ. ಅರ್ಥ ಮಾತ್ರ ಯಾವ ಬಡಗಿಗೂ ಸಾಧ್ಯವಿಲ್ಲದ್ದು. ಓದುವ ಹವ್ಯಾಸ ಬೆಳೆಸಲಿಕ್ಕೆ ಹಾಕಿದ ಸುಭಾಷಿತವಿರಬೇಕು ಎಂದು ನಿರ್ಧರಿಸಿ, ತಿದ್ದಿ, 'ಮೇಜಿನ ಮೇಲೆ ಪುಸ್ತಕವಿರಲಿ' ಎಂದು ಬರೆದೆ. ನನ್ನ ತಿದ್ದುಪಡಿ ಕನ್ನಡದಲ್ಲಿ ನೋಡುವವರಿಗೆ ಮಾತ್ರ ಕಾಣುತ್ತದೆ, ಉಳಿದ ಲೋಕಕ್ಕೆ ಆ ಗುಂಡಿ ಇಂಗ್ಲಿಷಿನಲ್ಲಿ 'ಬುಕ್ ಎ ಟೇಬಲ್' ಎಂದೇ ಹೇಳುತ್ತಿರುತ್ತದೆ, ಅಂದರೆ ಊಟಕ್ಕೆ ಜಾಗ ಕಾಯ್ದಿರಿಸಿ ಎಂದು ಕರೆಯುತ್ತಿರುತ್ತದೆ ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಕುಮುದಿನಿಗೆ ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ನೋಡಿದಳು.

"ಪುಸ್ತಕ ಎಂತಕ್ಕೆ? ನಾವು ಮಾರುದು ಹಪ್ಪಳ ಅಲ್ವಾ?"

"ಅದು ಸಂಸ್ಕೃತಿ."

"ನಾಳೆ ಹಪ್ಪಳ ಒತ್ತಲಿಕ್ಕೆ ಒಬ್ಬರು ಜನ ಕಡಿಮೆ ಉಂಟು. ನಿಮ್ಮ ಸಂಸ್ಕೃತಿ ಬರ್ತದಾ?"

ಮಾತು ಬೆಳೆಸದೆ ನಾನು ನಕ್ಷೆಯಲ್ಲಿ ನಮ್ಮ ಅಂಗಳಕ್ಕೇ ಮೊಳೆ ಹೊಡೆದ ಹಾಗೆ ಗುರುತು ಹಾಕಿದೆ. ಪತ್ರ ಬರಲಿಕ್ಕೆ ಹೊಸ ಇಮೇಲ್ ತೆರೆದು, ಅದರ ಪಾಸ್‌ವರ್ಡನ್ನು ಯಾರಿಗೂ ಊಹಿಸಲು ಬಾರದಂತೆ ಹಳಗನ್ನಡದಲ್ಲಿ ಕೊಟ್ಟೆ. ಮರುದಿನ ನನಗೂ ಊಹಿಸಲು ಬರಲಿಲ್ಲ. ಶಾಲೆಯ ಗ್ರೂಪಿಗೆ ಲಿಂಕು ಹಾಕಿದೆ. ಹರಿಪ್ರಸಾದ್ ಒಂದು ಹೆಬ್ಬೆರಳು ಕಳಿಸಿದರು. ಅದನ್ನು ಶರಣಾಗತಿ ಎಂದು ತಿಳಿದು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ.

ಆಮೇಲಿನ ಭಾನುವಾರದ ಸಂಗತಿ. ಮರುದಿನ ಪುತ್ತೂರಿನ ಅಂಗಡಿಗೆ ಹಪ್ಪಳ ಹೋಗಬೇಕಿತ್ತು. ಒಣಗಿದ್ದನ್ನು ಕಟ್ಟಿ ಒಳಗಿನ ಕೋಣೆಯಲ್ಲಿ ಜೋಡಿಸಿತ್ತು, ಉಳಿದದ್ದು ಅಂಗಳ ತುಂಬ ಚಾಪೆಗಳ ಮೇಲೆ ಒಣಗುತ್ತಿತ್ತು. ನಾನು ಲುಂಗಿ ಉಟ್ಟು, ತಲೆಗೊಂದು ಬೈರಾಸು ಸುತ್ತಿ, ಕೋಲು ಹಿಡಿದು ಕಾಗೆ ಓಡಿಸುತ್ತಿದ್ದೆ. ಊಟದ ಹೊತ್ತಾಗುತ್ತಿತ್ತು. ಗೇಟಿನ ಹೊರಗೆ ಜೀಪಿನ ಹಾರ್ನ್ ಕೇಳಿತು.

ನಮ್ಮ ನೆರೆಮನೆಯ ಕಬೀರ್. ಕಡಬ ಪೇಟೆಯಿಂದ ಹಳ್ಳಿಗಳಿಗೆ ಜೀಪು ಓಡಿಸುವವನು. ಅವನ ಹಿಂದೆ ಪ್ರವಾಸಿಗರ ಒಂದು ಬಿಳಿ ಟಿಟಿ ವ್ಯಾನು ನಿಂತಿತ್ತು, ಒಳಗೆ ಕಿಟಕಿ ಕಿಟಕಿಗೂ ಮುಖ.

"ಮಾಷ್ಟ್ರೆ, ನಿಮ್ಮಲ್ಲಿಗೆ ಊಟಕ್ಕೆ ಬಂದವರು" ಎಂದ ಕಬೀರ್ ಇಳಿಯುತ್ತಾ. "ಕೆಳಗೆ ತಿರುವಿನಲ್ಲಿ ದಾರಿ ಗೊತ್ತಾಗದೆ ನಿಂತಿದ್ರು. ಹೋಟ್ಲು ಯಾವಾಗ ಸುರು ಮಾಡಿದ್ದು? ನೆರೆಮನೆಯವನಿಗೆ ಒಂದು ಮಾತು ಹೇಳುದಲ್ವಾ ಮಾರಾಯ್ರೆ?"

ನಾನು ಉತ್ತರ ಕೊಡುವುದರೊಳಗೆ ಟಿಟಿ ಗೇಟು ದಾಟಿ ಹಪ್ಪಳದ ಚಾಪೆಗಳ ಕಡೆಗೆ ಮೂತಿ ತಿರುಗಿಸಿತು. ಓಡಿಹೋಗಿ ಅದರ ಎದುರು ಎರಡೂ ಕೈ ಅಗಲಿಸಿ ನಿಂತೆ. ಡ್ರೈವರ್ ತಲೆ ಹೊರಗೆ ಹಾಕಿ ಕೇಳಿದ, "ಪಾರ್ಕಿಂಗ್ ಎಲ್ಲಪ್ಪಾ?"

ಕೋಲಿನಿಂದ ಹಲಸಿನ ಮರದ ಬುಡ ತೋರಿಸಿದೆ. ಅಲ್ಲಿಗೆ ನನ್ನ ಉದ್ಯೋಗ ನಿರ್ಧಾರವಾಯಿತು.

ಮೊದಲು ಇಳಿದವರು ಕೈಯಲ್ಲಿ ಮೊಬೈಲ್ ಹಿಡಿದ ಒಬ್ಬ ಹೆಂಗಸು. "ನಾವು ಬೆಂಗಳೂರಿನವರು, ಮನೋರಮಾ ಅನ್ನೋ ಹೆಸರಲ್ಲಿ ಬುಕ್ ಆಗಿದೆ ನೋಡಿ. ಫೋನ್ ಹೋಗ್ಲಿಲ್ಲ, ಆದ್ರೆ ನಿಮ್ಮ ಕಡೆಯಿಂದ ಕನ್ಫರ್ಮ್ ಅಂತ ಮೆಸೇಜ್ ಬಂತು. ಮಂಗಳೂರಿಂದ ಸುಬ್ರಹ್ಮಣ್ಯಕ್ಕೆ ಹೊರಟಿದ್ದೀವಿ. ಉಪ್ಪಿನಂಗಡಿಯಲ್ಲೇ ಎಲ್ಲರಿಗೂ ಹಸಿವು, ನಾನೇ ತಡೆದು ಕರ್ಕೊಂಡು ಬಂದೆ. ಓನರ್ ಇದ್ದಾರಾ?"

ಸತ್ಯ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಅತ್ತೆ, ತುಂಬ ವಯಸ್ಸಾದವರು, ಇಳಿಯಲು ಆಸರೆ ಬೇಕಾಗಿ ನನ್ನ ಹೆಗಲ ಮೇಲೆ ಕೈ ಇಟ್ಟರು. "ಅನ್ನ ಬಿಸಿ ಇದೆಯೇನಪ್ಪಾ?" ಎಂದರು.

"ಓನರ್ ಒಳಗಿದ್ದಾರೆ" ಎಂದೆ. ಅದು ಸುಳ್ಳೇನೂ ಅಲ್ಲ.

ಓನರ್ ಅಡುಗೆಮನೆಯಲ್ಲಿ ನಮ್ಮಿಬ್ಬರ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಕುಮುದಿನಿ, ಸ್ವಲ್ಪ ಜನ ಬಂದಿದ್ದಾರೆ."

"ಹಪ್ಪಳಕ್ಕಾ?"

"ಅಲ್ಲ. ಊಟಕ್ಕೆ."

ಒಗ್ಗರಣೆಯ ಸಾಸಿವೆ ಮಾತ್ರ ಮಾತಾಡಿತು. "ಯಾರು ಕರೆದದ್ದು?" ಎಂದಳು ಕೊನೆಗೆ.

"ವೆಬ್‌ಸೈಟು."

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಆ ಅಜ್ಜಿ ನಮ್ಮ ಜಗಲಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮಕ್ಕಳು ನೀರು ನೀರು ಎನ್ನುತ್ತಿದ್ದರು. ಕುಮುದಿನಿ ಅಕ್ಕಿಯ ಡಬ್ಬಿ ತೆಗೆದಳು.

"ನಿಮ್ಮೊಟ್ಟಿಗೆ ನಾನು ಮತ್ತೆ ಮಾತಾಡ್ತೇನೆ. ಈಗ ಹೋಗಿ ಬಾಳೆಲೆ ಕೊಯ್ದು ತನ್ನಿ."

'ಮತ್ತೆ' ಎಂಬ ಶಬ್ದವನ್ನು ಅವಳು ಹೇಳಿದ ರೀತಿ ಕೇಳಿ, ನಾನು ಬಾಳೆಲೆಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಕೊಯ್ದೆ.

ಕಬೀರನಿಗೆ ವಿಷಯ ಅರ್ಥವಾದದ್ದು ಆಗ. ಅವನು ನಗಲಿಲ್ಲ, ಅದು ಅವನ ದೊಡ್ಡತನ. ಮನೆಗೆ ಓಡಿ ಹೆಂಡತಿ ಸಫಿಯಾಳನ್ನು ಕರೆತಂದ. ಅವಳು ಬರುವಾಗಲೇ ಎರಡು ತೆಂಗಿನಕಾಯಿ, ಒಂದು ಪಾತ್ರೆ ಮೊಸರು ಹಿಡಿದುಕೊಂಡು ಬಂದು, ಹಿಂಬಾಗಿಲಿನಿಂದ ಒಳಹೊಕ್ಕು, ಏನೂ ಕೇಳದೆ ಕಾಯಿ ತುರಿಯಲು ಕೂತಳು. ಸೌತೆಕಾಯಿ ಸಾಂಬಾರು ನೀರು ಕುಡಿದು ನೋಡನೋಡುತ್ತ ದೊಡ್ಡದಾಯಿತು. ಒಂದೆಲಗದ ತಂಬುಳಿಯಾಯಿತು, ಬಾಳೆಕಾಯಿ ಪಲ್ಯವಾಯಿತು. ಆದರೂ ಎಲೆ ಖಾಲಿ ಕಾಣುತ್ತದೆಂದು ಕುಮುದಿನಿ ಒಳಗಿನ ಕೋಣೆಗೆ ಹೋಗಿ ಪುತ್ತೂರಿಗೆ ಕಟ್ಟಿಟ್ಟ ಹಪ್ಪಳದ ಕಟ್ಟು ಬಿಚ್ಚಿದಳು. ಬಿಚ್ಚುವಾಗ ನನ್ನ ಮುಖ ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು.

ಅಡುಗೆ ಆಗುವವರೆಗೆ ಬಂದವರನ್ನು ಮಾತಾಡಿಸುವ ಹೊಣೆ ನನ್ನದು. "ನಿಮ್ಮಲ್ಲಿ ಸಿಗ್ನೇಚರ್ ಡಿಶ್ ಯಾವ್ದು?" ಎಂದು ಮನೋರಮಾ ಕೇಳಿದರು. ನಾನು ಜೀವಮಾನದಲ್ಲಿ ಸಹಿ ಹಾಕಿದ್ದು ಅಂಕಪಟ್ಟಿಗೆ ಮಾತ್ರ. ಯೋಚಿಸಿ, "ಅದು ಓನರ್ ಹಾಕುದು" ಎಂದೆ. ಅವರು ತಲೆಯಾಡಿಸಿದರು.

ಬಡಿಸುವ ಕೆಲಸವೂ ನನಗೇ ಬಂತು. ಕಬೀರ್ ನೀರು, ನಾನು ಉಳಿದದ್ದೆಲ್ಲ. ಪಾಠ ಮಾಡುವಾಗ ಹಿಂದಿನ ಬೆಂಚಿನವರೆಗೂ ಕಣ್ಣಿಡುವ ನಾನು ಇಲ್ಲಿ ಮೂರನೆಯ ಎಲೆಗೇ ದಾರಿ ತಪ್ಪಿದೆ. ಒಬ್ಬರಿಗೆ ಉಪ್ಪಿನಕಾಯಿಯನ್ನು ಮತ್ತೆ ಮತ್ತೆ ಬಡಿಸಿದೆ, ಪಕ್ಕದವರಿಗೆ ಉಪ್ಪೂ ಇಲ್ಲ. ಸಾಂಬಾರು ಎಂದು ತಿಳಿದು ಪಲ್ಯದ ಮೇಲೆ ತಂಬುಳಿ ಹೊಯ್ದೆ. ಬಾಗಿಲ ಮರೆಯಿಂದ ಕುಮುದಿನಿಯ ಪಿಸುಮಾತು ಬರುತ್ತಲೇ ಇತ್ತು: "ಅಜ್ಜಿಗೆ ಅನ್ನ... ಅಜ್ಜಿಗೆ... ಅದು ಅಜ್ಜಿ ಅಲ್ಲ." ಅಜ್ಜಿ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. "ಪಾಪ, ಹೊಸಬರು ಅನ್ಸುತ್ತೆ" ಎಂದು ಸೊಸೆಗೆ ಹೇಳುತ್ತಿದ್ದರು.

ಆದರೆ ಉಂಡರು. ಹೇಗೆ ಉಂಡರು ಅಂತೀರಿ, ತಂಬುಳಿಯನ್ನು ಅಂಗೈಯಲ್ಲಿ ಹಾಕಿಸಿಕೊಂಡು ಕುಡಿದರು, ಹಪ್ಪಳ ಬಂದಹಾಗೆ ಖಾಲಿಯಾಯಿತು. ಕೈ ತೊಳೆದು ಮನೋರಮಾ ಬಿಲ್ಲು ಕೇಳಿದರು. ಕುಮುದಿನಿ ಹೊರಗೆ ಬಂದಳು.

"ಬಿಲ್ಲು ಇಲ್ಲಮ್ಮ. ಇದು ಹೋಟ್ಲಲ್ಲ, ನಮ್ಮ ಮನೆ. ನಾನು ಹಪ್ಪಳ ಮಾಡುದು. ನಮ್ಮ ಯಜಮಾನರು ವೆಬ್‌ಸೈಟ್ ಮಾಡುವಾಗ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ."

ಮನೋರಮಾ ಕೆನ್ನೆಗೆ ಕೈ ಹಚ್ಚಿಕೊಂಡರು. "ಅಯ್ಯೋ, ನಾವು ಯಾರದ್ದೋ ಮನೆಗೆ ನುಗ್ಗಿ ಊಟ ಮಾಡಿದ್ವಾ? ಯಜಮಾನರು ಇದ್ದಾರಾ? ಅವರ ಹತ್ರ ಕ್ಷಮೆ ಕೇಳ್ಬೇಕು."

ನಾನು ಲುಂಗಿ ಎತ್ತಿ ಕಟ್ಟಿ, ಎಂಜಲೆಲೆ ಎತ್ತುತ್ತ, ಅವರಿಂದ ಎರಡು ಮಾರು ದೂರದಲ್ಲಿದ್ದೆ. ಕುಮುದಿನಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇಲ್ಲೇ ಎಲ್ಲಿಯೋ ಇದ್ದಾರೆ" ಎಂದಳು.

ನಾನು ಎಲೆಗಳೊಂದಿಗೆ ಮನೆಯ ಹಿಂದೆ ಹೋದೆ.

ಊಟಕ್ಕೆ ದುಡ್ಡು ಬೇಡವೆಂದದ್ದಕ್ಕೆ ಅವರು ಕೋಣೆಯಲ್ಲಿ ಕಟ್ಟಿಟ್ಟಿದ್ದ ಹಪ್ಪಳವನ್ನೆಲ್ಲ, ಕುಮುದಿನಿ ಬೇಡವೆಂದರೂ ಕೇಳದೆ, ಕೊಂಡುಕೊಂಡೇ ಹೋದರು. ಅಜ್ಜಿ ಕುಮುದಿನಿಯ ಕೈ ಹಿಡಿದುಕೊಂಡು ತುಂಬ ಹೊತ್ತು ಬಿಡಲಿಲ್ಲ. ಟಿಟಿ ಹೊರಟ ಮೇಲೆ ಅವಳು ಪುತ್ತೂರಿನ ಅಂಗಡಿಗೆ ಫೋನ್ ಮಾಡಿ, ವಾರದ ಕೊನೆಗೆ ಕೊಡುತ್ತೇನೆ ಎಂದು ಹೇಳಿದಳು. ಮದುವೆಯಾದ ಮೇಲೆ ಅವಳು ಯಾರಲ್ಲಿಯೂ ವಾಯಿದೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ಹಪ್ಪಳ ಒತ್ತುವ ಮಣೆಯ ಮುಂದೆ, ಕರೆಯದೆಯೇ, ಹೋಗಿ ಕೂತೆ. ಕತ್ತಲಾಗುವವರೆಗೂ ಒತ್ತಿದೆ. ನಾನು ಒತ್ತಿದ್ದನ್ನು ಸಫಿಯಾ ಬೇರೆ ಚಾಪೆಗೆ ಹಾಕುತ್ತಿದ್ದಳು. ಕೇಳಿದರೆ, "ಇದು ಮನೆಗೆ ಇರಲಿ ಮಾಷ್ಟ್ರೆ" ಎಂದಳು.

ಮರುದಿನ ಅಭಿಮಾನವನ್ನು ಮಡಚಿಟ್ಟು ಹರಿಪ್ರಸಾದ್ ಅವರನ್ನು ಕರೆಸಿದೆ. ಅವರು ಆ ಇಮೇಲನ್ನು ಹೇಗೋ ತೆರೆದು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಒಂದು ನಿಶ್ಚಿತಾರ್ಥದ ಊಟ, ಸುಳ್ಯದ ಯಾರದ್ದೋ ನಿವೃತ್ತಿಯ ಪಾರ್ಟಿ, ಎಲ್ಲವೂ ನಮ್ಮ ಜಗಲಿಯಲ್ಲಿ ಬುಕ್ ಆಗಿದ್ದವು, ವೆಬ್‌ಸೈಟು ತಾನಾಗಿಯೇ ಎಲ್ಲರಿಗೂ ಕನ್ಫರ್ಮ್ ಎಂದು ಉತ್ತರ ಕಳಿಸಿತ್ತು. ಎಲ್ಲರಿಗೂ ಶುದ್ಧ ಕನ್ನಡದಲ್ಲಿ ಕ್ಷಮಾಪಣೆ ಬರೆದೆ. ಕೆಂಪು ಗುಂಡಿ ಹೋಯಿತು, ಹಬೆಯಾಡುವ ತಟ್ಟೆಗಳು ಹೋದವು, ಹಪ್ಪಳದ ಫೋಟೋ ಬಂತು.

"ವೆಬ್‌ಸೈಟಿನಲ್ಲಿ ಇದೊಂದು ಅಭಿಪ್ರಾಯ ಬಂದಿದೆ, ಓದ್ತೀರಾ?" ಎಂದರು ಹರಿಪ್ರಸಾದ್, ಗಂಭೀರವಾಗಿರಲು ಕಷ್ಟಪಡುತ್ತ.

ಮನೋರಮಾ ಬರೆದದ್ದು. "ಇಂಥ ಊಟ ಮಾಡಿ ವರ್ಷಗಳಾದವು. ಆ ತಾಯಿಯ ಕೈಗೆ ನಮಸ್ಕಾರ. ಬಡಿಸುವವರು ಮಾತ್ರ ಬಹಳ ನಿಧಾನ, ಯಾವುದು ಸಾಂಬಾರು ಎಂದು ಅವರಿಗೇ ಗೊತ್ತಿಲ್ಲ. ಒಳ್ಳೆಯ ಮನುಷ್ಯ, ಕೆಲಸದಿಂದ ತೆಗೆಯಬೇಡಿ. ಸ್ವಲ್ಪ ತರಬೇತಿ ಕೊಡಿ."

ಇದಕ್ಕೊಂದು ತಕ್ಕ ಉತ್ತರ ಕೊಡಲೇಬೇಕೆಂದು ಕನ್ನಡಕ ಏರಿಸಿ ಕೆಳಗೆ ನೋಡಿದೆ. ಉತ್ತರ ಆಗಲೇ ಹೋಗಿತ್ತು. ಕುಮುದಿನಿ ಬೆಳಿಗ್ಗೆಯೇ ತನ್ನ ಮೊಬೈಲಿನಿಂದ ಬರೆದಿದ್ದಳು:

"ನಿಮ್ಮ ಸಲಹೆಗೆ ಧನ್ಯವಾದಗಳು. ಬಡಿಸುವವರಿಗೆ ಮದುವೆಯಾದ ದಿನದಿಂದ ತರಬೇತಿ ಕೊಡುತ್ತಿದ್ದೇವೆ. ಇನ್ನೂ ಸ್ವಲ್ಪ ಸಮಯ ಬೇಕಾಗಬಹುದು."